ಫ್ರಿಜ್ ಬಾಗಿಲು ತೆರೆಯುವವರು ಯಾರು?

(ಸಂಘದ ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ಕಾರ್ಯದರ್ಶಿಗಳು ಫೋನ್ ಮಾಡಿ, "ನೀವು ಎಂಟೆಕ್ ಓದಿದವರು, ಐಟಿಯಲ್ಲಿದ್ದೀರಿ, ಈ ಸಲ ಎಐ ಬಗ್ಗೆ ಮಾತಾಡ್ತೀರಾ?" ಅಂತ ಕೇಳಿದರು. ನಾನು, "ಫ್ರಿಜ್ ಬಗ್ಗೆ ಮಾತಾಡಲಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ಅವರೇ, "ನಮ್ಮ ಮನೇದೂ ಸದ್ದು ಮಾಡ್ತಿದೆ, ಮಾತಾಡಿ" ಅಂದರು. ಹಾಗಾಗಿ ಇವತ್ತು ಫ್ರಿಜ್.

ಇದು ನಗುವ ವಿಷಯ ಅಂತ ಕಾಣಬಹುದು. ಆದರೆ ನಮ್ಮ ಮನೆಯಲ್ಲಿ ಇದು ಶುರುವಾದದ್ದು ಡಾಕ್ಟರ ಕೋಣೆಯಲ್ಲಿ.

ನಮ್ಮ ಹಳೇ ಫ್ರಿಜ್ 190 ಲೀಟರಿನದು, ಒಂದೇ ಬಾಗಿಲು. ನನ್ನ ಯಜಮಾನರು ಮದುವೆಗೆ ಮುಂಚೆ, ಡೊಂಬಿವಲಿಗೆ ಬಂದ ಹೊಸದರಲ್ಲಿ, 2010ರಲ್ಲಿ ತಂದದ್ದು. ಬ್ರಹ್ಮಚಾರಿಯ ಮನೆಗೆ ಅದೇ ದೊಡ್ಡದು. ಆಮೇಲೆ ನಾನು ಬಂದೆ, ಮಗ ಹುಟ್ಟಿದ, ನಾಲ್ಕು ವರ್ಷದ ಹಿಂದೆ ಸಾಗರದಿಂದ ಅತ್ತೆ ಮಾವ ಇಲ್ಲಿಗೇ ಬಂದರು. ಜನ ಒಂದರಿಂದ ಐದಾದರು, ಫ್ರಿಜ್ ಅದೇ ಇತ್ತು. ಮಾವನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ತಾರೆ. ಅದನ್ನು ನೋಡಿಕೊಳ್ಳುವುದು ಅತ್ತೆಯ ಕೆಲಸ. ನನಗಾಗಲಿ ಇವರಿಗಾಗಲಿ ಅದರಲ್ಲಿ ಕೈ ಹಾಕಲು ಬಿಡುವವರಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಮಾವನ ಶುಗರ್ ಇದ್ದಕ್ಕಿದ್ದಂತೆ ಏರಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 140ರ ಆಸುಪಾಸು ಇರುತ್ತಿದ್ದದ್ದು 260 ದಾಟಿತು. ಮಾವಿನಹಣ್ಣಿನ ಕಾಲ, ಮೊದಲು ನಾವೆಲ್ಲ ಮಾವನನ್ನೇ ಅನುಮಾನಿಸಿದೆವು. "ನಾನು ಹಾಪೂಸಿನ ಸಿಪ್ಪೆಯನ್ನೂ ಮುಟ್ಟಿಲ್ಲ" ಅಂತ ಪಾಪ ಅವರು ಆಣೆ ಮಾಡಿದರು. ಡಾಕ್ಟರು ಊಟ ಕೇಳಿದರು, ನಡಿಗೆ ಕೇಳಿದರು, ಕೊನೆಗೆ, "ಇನ್ಸುಲಿನ್ ಎಲ್ಲಿಡ್ತೀರಿ?" ಅಂದರು. ಅತ್ತೆ ಹೆಮ್ಮೆಯಿಂದಲೇ ಹೇಳಿದರು: "ಫ್ರಿಜ್‌ನಲ್ಲೇ ಇಡ್ತೀನಿ ಡಾಕ್ಟ್ರೇ. ಎಲ್ಲಕ್ಕಿಂತ ತಣ್ಣಗಿರೋ ಜಾಗದಲ್ಲಿ, ಐಸ್ ಪೆಟ್ಟಿಗೆ ಕೆಳಗಿನ ಟ್ರೇನಲ್ಲಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

ಇಲ್ಲಿ ಕೂತಿರುವವರಲ್ಲಿ ಎಷ್ಟು ಮನೆಯಲ್ಲಿ ಇನ್ಸುಲಿನ್ ಇದೆಯೋ ನನಗೆ ಗೊತ್ತಿಲ್ಲ, ಆದರೆ ಇದನ್ನು ದಯವಿಟ್ಟು ನೆನಪಿಡಿ. ತೆರೆಯದ ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯ ನಡುವೆ. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಾಣಬಹುದು, ಆದರೂ ಬಳಸಬಾರದು. ಒಂದೇ ಬಾಗಿಲಿನ ಫ್ರಿಜ್‌ಗಳಲ್ಲಿ ಐಸ್ ಪೆಟ್ಟಿಗೆಯ ಕೆಳಗಿನ ಟ್ರೇ ಸೊನ್ನೆಯ ಹತ್ತಿರ ಇರುತ್ತದೆ. ಅದರ ಮೇಲೆ ನಮ್ಮ ಫ್ರಿಜ್‌ನ ಥರ್ಮೋಸ್ಟಾಟ್ ಕೆಟ್ಟಿತ್ತು. ಥರ್ಮೋಸ್ಟಾಟ್ ಅಂದರೆ, "ಸಾಕು, ತಣ್ಣಗಾಯ್ತು, ನಿಲ್ಲಿಸು" ಅಂತ ಕಂಪ್ರೆಸರ್‌ಗೆ ಹೇಳುವ ಭಾಗ. ಅದು ಹೇಳುವುದನ್ನೇ ನಿಲ್ಲಿಸಿತ್ತು. ಕಂಪ್ರೆಸರ್ ಹಗಲೂ ರಾತ್ರಿ ಓಡುತ್ತಿತ್ತು.

ಸೂಚನೆಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಕೊತ್ತಂಬರಿ ಸೊಪ್ಪು ಗಾಜಿನ ಹಾಗಾಗಿ ಮಾರನೇ ದಿನ ಕಪ್ಪಾಗುತ್ತಿತ್ತು. ಮೊಸರಿನ ಮೇಲೆ ತೆಳ್ಳಗೆ ಐಸಿನ ಪದರ ಕೂರುತ್ತಿತ್ತು. ಕರೆಂಟ್ ಬಿಲ್ ಏರಿತ್ತು, ಅದನ್ನು ನಾವು ಏಸಿಯ ಲೆಕ್ಕಕ್ಕೆ ಹಾಕಿದ್ದೆವು. ಮೇ ತಿಂಗಳ ಸೆಖೆಯಲ್ಲಿ ಆಫೀಸಿನಿಂದ ಬಂದು ಬಾಟಲಿ ತೆಗೆದು, "ಹದಿನೈದು ವರ್ಷ ಆದ್ರೂ ಎಷ್ಟು ತಣ್ಣಗಿಡುತ್ತೆ ನೋಡು, ಹಳೇ ಮಾಲು ಅಂದ್ರೆ ಹೀಗಿರ್ಬೇಕು" ಅಂತ ನಾನೇ ಹೊಗಳಿದ್ದೆ. ಇನ್ನೂರು ಸರ್ವರ್‌ಗಳ ಆರೋಗ್ಯವನ್ನು ಪರದೆಯ ಮೇಲೆ ನೋಡುತ್ತಾ ಕೂರುವ ಕೆಲಸ ನನ್ನದು. ಮನೆಯ ಒಂದು ಪೆಟ್ಟಿಗೆಯ ಒಳಗೆ ಎಷ್ಟು ಡಿಗ್ರಿ ಇದೆ ಅಂತ ನೋಡಲಿಲ್ಲ.

ಹೊಸ ಇನ್ಸುಲಿನ್ ಬಂದ ಮೇಲೆ ಮಾವನ ಶುಗರ್ ಮೆಲ್ಲಗೆ ಇಳಿಯಿತು. ಇಳಿಯದೇ ಇದ್ದದ್ದು ಅತ್ತೆಯ ಮನಸ್ಸಿನ ಭಾರ. "ನನ್ನ ಕೈಯಾರೆ ಕೊಟ್ಟೆ" ಅನ್ನುವ ಒಂದೇ ಮಾತು. ನಾಲ್ಕೈದು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಂತ್ರದ ತಪ್ಪು ಅಂತ ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಹೊಸ ಫ್ರಿಜ್ ತರೋಣ ಅಂತ ನಾವು ಹೊರಟದ್ದು ಹೀಗೆ, ದಸರಾ ಆಫರ್ ನೋಡಿ ಅಲ್ಲ.

ಹೊರಟ ಮೇಲೆ ನಾನು ಏನು ಮಾಡಿದೆ? ಐಟಿಯವರು ಏನು ಮಾಡುತ್ತಾರೋ ಅದೇ. ಎಕ್ಸೆಲ್ ಶೀಟ್ ತೆರೆದೆ. ಹದಿನೇಳು ಮಾದರಿ, ಒಂದೊಂದಕ್ಕೂ ಲೀಟರ್, ಸ್ಟಾರ್, ಬೆಲೆ, ವಾರಂಟಿ, ಜನರ ರೇಟಿಂಗ್. ಪ್ರತಿಯೊಂದಕ್ಕೂ ಅಂಕ, ಅಂಕಕ್ಕೆ ತೂಕ. ಮೂರು ರಾತ್ರಿ ಕೂತು ಮಾಡಿದ ಆ ಲೆಕ್ಕದಲ್ಲಿ ಮೊದಲ ಸ್ಥಾನ ಬಂದದ್ದು ಅಕ್ಕಪಕ್ಕ ಎರಡು ಬಾಗಿಲಿನ, 600 ಲೀಟರಿಗೂ ಮೇಲಿನ, ವೈಫೈ ಇರುವ ಒಂದು ದೈತ್ಯ. ಇವರು ಅದನ್ನು ನೋಡಿ ಏನೂ ಹೇಳದೆ ಟೇಪ್ ತಂದು ಅಡುಗೆಮನೆಯಲ್ಲಿ ಹಿಡಿದರು. ಕಟ್ಟೆಗೂ ಗೋಡೆಗೂ ನಡುವೆ ಇರುವ ಜಾಗ 27 ಇಂಚು. ಆ ಫ್ರಿಜ್‌ನ ಅಗಲ 36 ಇಂಚು. ನನ್ನ ಹದಿನೇಳು ಸಾಲಿನ ಶೀಟಿನಲ್ಲಿ ಅಗಲ ಅನ್ನುವ ಕಾಲಂ ಇರಲೇ ಇಲ್ಲ.

"ಆಫೀಸಲ್ಲಿ ಜೂನಿಯರ್‌ಗಳಿಗೆ ಮೊದಲು ಯೂಸರ್‌ನ ಕೇಳಿ ಅಂತೀಯಲ್ಲ, ಇಲ್ಲಿ ನಿನ್ನ ಯೂಸರ್ ಯಾರು?" ಅಂದರು ಇವರು. ಯಜಮಾನರು ಸರಿಯಾದ ಪ್ರಶ್ನೆ ಕೇಳುವುದು ವರ್ಷಕ್ಕೆ ಒಂದೋ ಎರಡೋ ಸಲ, ಆದ್ದರಿಂದ ಅದನ್ನು ನಾನು ಗಂಭೀರವಾಗಿ ತಗೊಂಡೆ.

ಒಂದು ಭಾನುವಾರ ಫ್ರಿಜ್‌ನ ಬಾಗಿಲಿಗೆ ಹಾಳೆ ಅಂಟಿಸಿ ಪೆನ್ಸಿಲ್ ಕಟ್ಟಿದೆ. ತೆರೆದವರೆಲ್ಲ ಗೀಟು ಹಾಕಬೇಕು, ಏನು ತೆಗೆದೆವು ಅಂತ ಒಂದು ಅಕ್ಷರ ಬರೆಯಬೇಕು. ಮಗನಿಗೆ ಇದು ಆಟವಾಯಿತು, ನೀರು ಬೇಡದಿದ್ದರೂ ಎರಡು ಸಲ ತೆರೆದ. ಅವನ ಕಳ್ಳ ಗೀಟು ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ 43 ಸಲ ಬಾಗಿಲು ತೆರೆದಿತ್ತು. ಅದರಲ್ಲಿ 31 ಸಲ ಅತ್ತೆ. ಐಸ್ ಪೆಟ್ಟಿಗೆ ತೆರೆದದ್ದು ಇಡೀ ದಿನದಲ್ಲಿ 5 ಸಲ. ತಳದಲ್ಲಿರುವ ತರಕಾರಿ ಡಬ್ಬಕ್ಕೆ ಬಗ್ಗಿದ್ದು 14 ಸಲ, ಅದರಲ್ಲಿ 12 ಸಲ ಅತ್ತೆಯೇ. ಅವರಿಗೆ ಎರಡೂ ಮೊಣಕಾಲು ನೋವು. ಕಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಉಸಿರು ಬಿಟ್ಟು, ಕೂತು, ಒಂದು ಹಸಿಮೆಣಸಿನಕಾಯಿ ತೆಗೆದು ಏಳುತ್ತಾರೆ. ನಾನು ಆ ಮನೆಯಲ್ಲೇ ಇದ್ದೇನೆ, ದಿನಾ ನೋಡುತ್ತೇನೆ. ಆದರೆ ಹನ್ನೆರಡು ಅಂತ ಎಣಿಸಿದ್ದು ಅವತ್ತೇ.

"ಒಂದೇ ಸಲ ಎಲ್ಲ ತೆಗೆದಿಟ್ಕೊಂಡ್ರೆ ಆಗಲ್ವಾ ಅತ್ತೆ?" ಅಂದೆ. "ಅಡುಗೆ ಮಾಡುವಾಗ ನೆನಪಾದ ಹಾಗೆ ಬೇಕಲ್ಲಮ್ಮ. ನಿಮ್ಮ ಆಫೀಸಿನ ಹಾಗೆ ಮೊದಲೇ ಪಟ್ಟಿ ಬರೆದು ಸಾರು ಮಾಡಕ್ಕಾಗುತ್ತಾ?" ಅಂದರು. ಸರಿ.

ಇಲ್ಲಿಂದ ಹುಡುಕಾಟದ ದಿಕ್ಕೇ ಬದಲಾಯಿತು. ನಾವೆಲ್ಲ ನೋಡಿರುವ ಎರಡು ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಮೇಲಿರುತ್ತದೆ. ಅಂದರೆ ದಿನಕ್ಕೆ 5 ಸಲ ಬೇಕಾದದ್ದು ಕಣ್ಣಿನ ಮಟ್ಟದಲ್ಲಿ, 14 ಸಲ ಬೇಕಾದದ್ದು ಪಾದದ ಹತ್ತಿರ. ಫ್ರೀಜರ್ ಕೆಳಗಿರುವ ಮಾದರಿಗಳೂ ಇವೆ. ಅಂಗಡಿಯಲ್ಲಿ ಬಾಟಮ್ ಮೌಂಟ್ ಅಂತ ಕೇಳಿ. ಅದರಲ್ಲಿ ತರಕಾರಿ ಡಬ್ಬ ಸೊಂಟದ ಮಟ್ಟಕ್ಕೆ ಬರುತ್ತದೆ, ಹಾಲು ಮೊಸರು ಎದೆಯ ಮಟ್ಟಕ್ಕೆ. ಆಯ್ಕೆ ಕಡಿಮೆ, ಅಷ್ಟೇ ಲೀಟರಿನ ಮಾಮೂಲಿ ಫ್ರಿಜ್‌ಗಿಂತ ಬೆಲೆ ಸ್ವಲ್ಪ ಜಾಸ್ತಿ. ಆದರೆ ಇದೇ ಎಲ್ಲರಿಗೂ ಸರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಪಕ್ಕದ ಮನೆಯ ಅಕ್ಕ ಮಂಗಳೂರು ಕಡೆಯವರು, ಭಾನುವಾರ ಮೀನು ತಂದು ಶುಚಿ ಮಾಡಿ ವಾರಕ್ಕಾಗುವಷ್ಟು ಫ್ರೀಜರ್‌ನಲ್ಲಿ ಇಡುತ್ತಾರೆ. ಅವರ ಮನೆಯಲ್ಲಿ ಗೀಟು ಹಾಕಿದರೆ ಲೆಕ್ಕ ಬೇರೆಯೇ ಬರುತ್ತದೆ. ನಿಮ್ಮ ಹಾಳೆ ನೀವು ಅಂಟಿಸಿ.

ಇನ್ನು ಲೀಟರ್. ಇದಕ್ಕೆ ಮೊದಲು ಹಳೇ ಫ್ರಿಜ್ ಖಾಲಿ ಮಾಡಿ, ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿ. ನಾವು ಮಾಡಿದಾಗ ಸಿಕ್ಕಿದ್ದು ಹೇಳುತ್ತೇನೆ, ನಗಬೇಡಿ, ನಿಮ್ಮದೂ ಇಷ್ಟೇ ಇರುತ್ತದೆ: ಹೋಟೆಲಿನಿಂದ ಬಂದ ಸಾಸ್ ಪೊಟ್ಟಣ ಒಂದು ಹಿಡಿ, ಯಾರದ್ದೋ ಮದುವೆಗೆ ತಂದ ಮೆಹೆಂದಿ ಕೋನ್, ಮಗನ ಎರಡು ವರ್ಷದ ಹಿಂದಿನ ಕೆಮ್ಮಿನ ಸಿರಪ್, ಬೇರೆ ಬೇರೆ ವಯಸ್ಸಿನ ಐದು ಚಟ್ನಿ, ಮತ್ತು ಈರುಳ್ಳಿ ಆಲೂಗಡ್ಡೆ, ಅವೆರಡಕ್ಕೂ ಫ್ರಿಜ್ ಬೇಕಾಗಿಯೇ ಇಲ್ಲ. "ಅಪ್ಪೆಮಿಡಿ ಉಪ್ಪಿನಕಾಯಿನೂ ಇದರೊಳಗೆ ಇಟ್ಟಿದ್ದೀಯಲ್ಲ, ನಮ್ಮನೇಲಿ ಭರಣಿ ಅಟ್ಟದ ಮೇಲೆ ಎರಡು ವರ್ಷ ಇರ್ತಿತ್ತು" ಅಂತ ಅತ್ತೆ ನನ್ನನ್ನು ಒಂದು ಸುತ್ತು ವಿಚಾರಿಸಿಕೊಂಡರು. ಮೂರನೇ ಒಂದು ಭಾಗ ಹೊರಗೆ ಹೋಯಿತು. ಉಳಿದದ್ದನ್ನು ನೋಡಿ ಐದು ಜನಕ್ಕೆ 300ರಿಂದ 350 ಲೀಟರ್ ಸಾಕು ಅಂತ ತೀರ್ಮಾನಿಸಿದೆವು. ಅಂದಹಾಗೆ, ಜಾಹೀರಾತಿನ ಒಟ್ಟು ಲೀಟರ್ ಬೇರೆ, ನಿಜವಾಗಿ ಸಾಮಾನಿಡಲು ಸಿಗುವ ಜಾಗ ಬೇರೆ. ಎರಡನ್ನೂ ಕೇಳಿ ತಿಳಿದುಕೊಳ್ಳಿ.

ಅಳತೆಯ ವಿಷಯದಲ್ಲಿ ಮುಂಬಯಿ ಕಡೆಯ ಮನೆಗಳಿಗೇ ಇರುವ ಒಂದು ಕಷ್ಟ ಇದೆ. ಫ್ರಿಜ್ ನಿಲ್ಲುವ ಜಾಗ ಅಳೆದರೆ ಸಾಲದು. ನಮ್ಮ ಮನೆಯ ಬಾಗಿಲಿಗೆ ಸೇಫ್ಟಿ ಡೋರ್ ಇದೆ, ಅದು ಪೂರ್ತಿ ತೆರೆಯುವುದಿಲ್ಲ. ಕಟ್ಟಡದ ಲಿಫ್ಟ್‌ನಲ್ಲಿ ಮೂರು ಜನ ನಿಂತರೆ ಉಸಿರು ಕಟ್ಟುತ್ತದೆ. ಮೆಟ್ಟಿಲು ತಿರುಗುವ ಕಡೆ ಫ್ರಿಜ್ ಓರೆಯಾಗಬೇಕು. ನಾವು ಹಳೇ ಪೇಪರ್ ಅಂಟಿಸಿ ಫ್ರಿಜ್‌ನ ತಳದ ಅಳತೆಯ ಹಾಳೆ ಮಾಡಿ, ಅದನ್ನು ಹಿಡಿದು ಮೂರನೇ ಮಹಡಿಯವರೆಗೆ ಹತ್ತಿದೆವು. ನೆರೆಯವರು ಏನು ಅಂದುಕೊಂಡರೋ. ಇನ್ನೊಂದು, ಫ್ರಿಜ್ ಗೋಡೆಗೆ ಒತ್ತಿ ನಿಂತರೆ ಬಾಗಿಲು 90 ಡಿಗ್ರಿಗೇ ನಿಲ್ಲುತ್ತದೆ. ಎಷ್ಟೋ ಮಾದರಿಗಳಲ್ಲಿ ಬಾಗಿಲು ಇನ್ನೂ ಸ್ವಲ್ಪ ತೆರೆದರೇನೇ ತರಕಾರಿ ಡಬ್ಬ ಪೂರ್ತಿ ಹೊರಗೆ ಬರುವುದು. ಅಂಗಡಿಯಲ್ಲಿ ಗೋಡೆ ಇರುವುದಿಲ್ಲ, ಹಾಗಾಗಿ ಅಲ್ಲಿ ಇದು ಗೊತ್ತಾಗುವುದಿಲ್ಲ. ಯಾರಾದರೂ ಅಲ್ಲಿ ಗೋಡೆಯ ಹಾಗೆ ನಿಲ್ಲಬೇಕು. ನಮ್ಮಲ್ಲಿ ಇವರು ನಿಂತರು.

ಅಂಗಡಿಗೆ ನಾವು ಬರಿಗೈಯಲ್ಲಿ ಹೋಗಲಿಲ್ಲ. ದೋಸೆ ಹಿಟ್ಟಿನ ಡಬರಿ ತಗೊಂಡು ಹೋದೆವು. ಆರು ಲೀಟರಿನ ಸ್ಟೀಲ್ ಡಬರಿ, ಮುಚ್ಚಳ ಸೇರಿ ಒಂಬತ್ತು ಇಂಚು ಎತ್ತರ. ಮಲೆನಾಡಿನವರ ಮನೆಯಲ್ಲಿ ದೇವರ ಪಟ ಇಲ್ಲದೆ ಒಂದು ದಿನ ಕಳೆಯಬಹುದೇನೋ, ದೋಸೆ ಹಿಟ್ಟಿಲ್ಲದೆ ಆಗುವುದಿಲ್ಲ. ಅಂಗಡಿಯ ಹುಡುಗ ಗಾಬರಿಯಾಗಿ ಮರಾಠಿಯಲ್ಲಿ, "ತಾಈ, ಹೇ ಕಾಯ್?" ಅಂದ. ಅತ್ತೆಗೆ "ಕಾಕೂ, ಬಸಾ" ಅಂತ ಕುರ್ಚಿ ಕೊಟ್ಟ. ಅತ್ತೆ ನನ್ನ ಕಿವಿಯಲ್ಲಿ, "ನೋಡೇ, ನೀನು ತಾಯಿ, ನಾನು ಕಾಕು!" ಅಂದರು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು. ನಾನು ಡಬರಿಯನ್ನು ಒಂದೊಂದೇ ಫ್ರಿಜ್‌ನಲ್ಲಿ ಇಟ್ಟು ನೋಡಿದೆ. ಎರಡು ಮಾದರಿಗಳಲ್ಲಿ ಹಲಗೆಗಳ ನಡುವೆ ಹೋಗಲಿಲ್ಲ. ಒಂದರಲ್ಲಿ ಹೋಯಿತು, ಆದರೆ ಹಿಂದಿನ ಗೋಡೆಯಲ್ಲಿರುವ ತಣ್ಣನೆ ಗಾಳಿಯ ಕಿಂಡಿಗೆ ಸರಿಯಾಗಿ ಅಡ್ಡ ಕೂತಿತು.

ಆ ಕಿಂಡಿಯ ವಿಷಯ ಸ್ವಲ್ಪ ಹೇಳಬೇಕು. ಐಸ್ ಕಟ್ಟದ, ಅಂದರೆ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಒಂದು ಫ್ಯಾನು ತಣ್ಣನೆ ಗಾಳಿಯನ್ನು ಕಿಂಡಿಗಳ ಮೂಲಕ ಎಲ್ಲ ಕಡೆ ಕಳಿಸುತ್ತದೆ. ಕಟ್ಟುವ ಐಸನ್ನು ಒಳಗಿನ ಸಣ್ಣ ಹೀಟರ್ ಆಗಾಗ ಕರಗಿಸುತ್ತದೆ. ಹಳೇ ಥರದ ಡೈರೆಕ್ಟ್ ಕೂಲ್‌ನಲ್ಲಿ ಫ್ಯಾನಿಲ್ಲ. ತಣ್ಣನೆ ಗಾಳಿ ಭಾರವಾಗಿ ತಾನೇ ಕೆಳಗಿಳಿಯುತ್ತದೆ, ಮೇಲೆ ಐಸ್, ಕೆಳಗೆ ಅಷ್ಟಕ್ಕಷ್ಟೆ. ಫ್ರಾಸ್ಟ್ ಫ್ರೀಯಲ್ಲಿ ಶಾಖ ಹೆಚ್ಚು ಸಮನಾಗಿರುತ್ತದೆ, ಆದರೆ ಕಿಂಡಿ ಮುಚ್ಚಿದರೆ ಆ ಲಾಭ ಹೋಯಿತು. ಕಿಂಡಿಯ ಬಾಯಿಗೇ ಇಟ್ಟ ಸಾಮಾನು ಹೆಪ್ಪುಗಟ್ಟಲೂಬಹುದು. ಬೀಸುವ ಗಾಳಿ ಒಣಗಿಸುತ್ತದೆ ಕೂಡ, ಅದಕ್ಕೇ ಸೊಪ್ಪನ್ನು ಡಬ್ಬದಲ್ಲೇ ಇಡಬೇಕು, ಹಿಟ್ಟಿಗೆ ಮುಚ್ಚಳ ಬೇಕು. ಇಲ್ಲದಿದ್ದರೆ ಐಸ್‌ಕ್ರೀಮು ದೋಸೆ ಹಿಟ್ಟಿನ ವಾಸನೆ ಹೊಡೆಯುತ್ತದೆ. ಡೈರೆಕ್ಟ್ ಕೂಲ್ ಇರುವವರಿಗೆ ಒಂದೇ ಮಾತು, ಐಸನ್ನು ಚಾಕುವಿನಿಂದ ಕೆತ್ತಬೇಡಿ. ಒಳಗಿನ ತೆಳು ಅಲ್ಯೂಮಿನಿಯಂ ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವುದು ಐಸೊಬ್ಯುಟೇನ್, ಆರ್600ಎ ಅಂತ ಚೀಟಿಯಲ್ಲಿ ಬರೆದಿರುತ್ತದೆ. ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ಹಿಂದಿನ ಗ್ಯಾಸ್‌ಗಳಿಗಿಂತ ಬಹಳ ಕಡಿಮೆ, ಆದರೆ ಬೆಂಕಿ ಹಿಡಿಯುವ ಗುಣ ಇದೆ. ಪ್ರಮಾಣ ತೀರಾ ಕಡಿಮೆ, ಹೆದರಬೇಕಿಲ್ಲ. ರಿಪೇರಿಯನ್ನು ಗೊತ್ತಿದ್ದವರ ಕೈಯಲ್ಲಿ ಮಾಡಿಸಿ, ಅಷ್ಟೆ.

ಸ್ಟಾರ್ ಬಗ್ಗೆ ಎಲ್ಲರೂ ಕೇಳುತ್ತೀರಿ ಅಂತ ಗೊತ್ತು. ನಮ್ಮ ದೇಶದಲ್ಲಿ ಈ ಸ್ಟಾರ್ ಚೀಟಿ 2006ರಲ್ಲಿ ಶುರುವಾಯಿತು. ನಕ್ಷತ್ರ ಎಣಿಸುವ ಬದಲು ಅದೇ ಚೀಟಿಯಲ್ಲಿರುವ ಸಂಖ್ಯೆ ಓದಿ, ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದು ಬಾಗಿಲು ಮುಚ್ಚಿ ಪ್ರಯೋಗಾಲಯದಲ್ಲಿ ಅಳೆದದ್ದು, 43 ಸಲ ತೆರೆಯುವ ಮನೆಯಲ್ಲಿ ಅಲ್ಲ. ಆದರೂ ಒಂದರ ಜೊತೆ ಇನ್ನೊಂದನ್ನು ಹೋಲಿಸಲು ಸಾಕು. ಚೀಟಿಗೆ ಅವಧಿಯೂ ಇದೆ. ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಆದ್ದರಿಂದ ಹಳೇ ಚೀಟಿಯ ಐದು ನಕ್ಷತ್ರ ಹೊಸದರಲ್ಲಿ ಐದಾಗಿಯೇ ಉಳಿಯಬೇಕಿಲ್ಲ. ನಾನು ಕೊನೆಗೆ ಉಳಿಸಿಕೊಂಡ ಎರಡು ಮಾದರಿಗಳ ನಡುವೆ ವ್ಯತ್ಯಾಸ ವರ್ಷಕ್ಕೆ 60 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಅಂತ ಹಿಡಿದರೆ 600 ರೂಪಾಯಿ. ಬೆಲೆಯ ವ್ಯತ್ಯಾಸ 7,000. ಆ ಹೆಚ್ಚಿನ ನಕ್ಷತ್ರದ ಹಣ ವಾಪಸ್ ಬರಲು ಹನ್ನೊಂದೂವರೆ ವರ್ಷಕ್ಕೂ ಹೆಚ್ಚು ಬೇಕು. ಕಡಿಮೆ ನಕ್ಷತ್ರದ್ದನ್ನೇ ತಗೊಂಡೆವು.

ಇನ್ನೂ ಒಂದು ಲೆಕ್ಕ ಹೇಳಿಬಿಡುತ್ತೇನೆ, ಇದು ನನ್ನ ವಿರುದ್ಧವೇ ಹೋದದ್ದು. ಪ್ಲಗ್‌ಗೆ ಹಾಕುವ ಸಣ್ಣ ಮೀಟರ್ ಸಿಗುತ್ತದೆ. ಅದರಲ್ಲಿ ಅಳೆದಾಗ ಕೆಟ್ಟಿದ್ದ ಹಳೇ ಫ್ರಿಜ್ ದಿನಕ್ಕೆ 2.4 ಯೂನಿಟ್ ತಿನ್ನುತ್ತಿತ್ತು. ಹೊಸದರ ಚೀಟಿಯಲ್ಲಿ ವರ್ಷಕ್ಕೆ 240. "ನೋಡಿ, ವರ್ಷಕ್ಕೆ ಆರು ಸಾವಿರ ಉಳಿತಾಯ!" ಅಂತ ನಾನು ಮನೆಯಲ್ಲಿ ಭಾಷಣ ಮಾಡಿದೆ. ಆಮೇಲೆ ಮೆಕ್ಯಾನಿಕ್ ಬಂದು 1,200 ರೂಪಾಯಿಗೆ ಥರ್ಮೋಸ್ಟಾಟ್ ಬದಲಿಸಿದ. ಅದೇ ಹಳೇ ಫ್ರಿಜ್ ದಿನಕ್ಕೆ ಒಂದು ಯೂನಿಟ್‌ಗೆ ಇಳಿಯಿತು. ಉಳಿತಾಯ ವರ್ಷಕ್ಕೆ ಸಾವಿರದ ಇನ್ನೂರೈವತ್ತಕ್ಕೆ ಬಂತು. ಕರೆಂಟ್ ಉಳಿಸಲಿಕ್ಕೆ ಅಂತ ಯಾರಾದರೂ ನಲವತ್ತು ಸಾವಿರದ ಫ್ರಿಜ್ ಮಾರಲು ಬಂದರೆ, ಮೊದಲು ಮೆಕ್ಯಾನಿಕ್‌ನ ಕರೆಸಿ ನೋಡಿ. ನಾವು ಹೊಸದು ತಂದದ್ದು ಐದು ಜನರ ಜಾಗಕ್ಕೆ, ಅತ್ತೆಯ ಮೊಣಕಾಲಿಗೆ, ಮತ್ತು ಮಾವನ ಔಷಧಿ ಇನ್ನು ಆ ಐಸಿನ ಕೆಳಗೆ ಇರಬಾರದು ಅನ್ನುವುದಕ್ಕೆ.

ಇನ್ವರ್ಟರ್ ಅನ್ನುವ ಪದ ಬಹಳ ಗೊಂದಲ ಮಾಡಿದೆ. ಇನ್ವರ್ಟರ್ ಫ್ರಿಜ್ ಅಂದರೆ ಕರೆಂಟ್ ಹೋದಾಗ ತಾನೇ ಓಡುತ್ತದೆ ಅಂತ ಅಲ್ಲ. ಹಳೇ ಕಂಪ್ರೆಸರ್ ಕಲ್ಯಾಣ್ ಶೀಲ್ ರಸ್ತೆಯ ಆಟೋ ಇದ್ದ ಹಾಗೆ, ಪೂರ್ತಿ ಓಡು ಇಲ್ಲವೇ ಪೂರ್ತಿ ನಿಲ್ಲು. ಇನ್ವರ್ಟರ್ ಕಂಪ್ರೆಸರ್ ಬೇಕಾದಷ್ಟೇ ವೇಗದಲ್ಲಿ ಮೆಲ್ಲಗೆ ಓಡುತ್ತಿರುತ್ತದೆ, ಹಾಗಾಗಿ ಸದ್ದು ಕಡಿಮೆ, ಒಳಗಿನ ಶಾಖ ಏರಿಳಿಯುವುದೂ ಕಡಿಮೆ. ಕರೆಂಟ್ ಹೋದರೆ ಇದೂ ನಿಲ್ಲುತ್ತದೆ. ಆಗ ಬಾಗಿಲು ತೆರೆಯಬೇಡಿ. ಮುಚ್ಚಿಯೇ ಇದ್ದರೆ ಸುಮಾರು 4 ಗಂಟೆ ಒಳಗಿನ ಆಹಾರಕ್ಕೆ ಭಯವಿಲ್ಲ. ಸ್ಟಾಬಿಲೈಸರ್ ಬೇಡ ಅಂತ ಹೇಳಿದರೆ, ಎಷ್ಟರಿಂದ ಎಷ್ಟು ವೋಲ್ಟ್‌ವರೆಗೆ ಅಂತ ಕೇಳಿ. ಹತ್ತು ವರ್ಷ ವಾರಂಟಿ ಅಂತ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಉಳಿದ ಭಾಗಕ್ಕೆ ಹೆಚ್ಚಾಗಿ ಒಂದೇ ವರ್ಷ, ಕಾರ್ಡಿನ ಸಣ್ಣ ಅಕ್ಷರ ಓದಿ. ವೈಫೈ, ಬಾಗಿಲ ಮೇಲಿನ ಪರದೆ, ಇವುಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಅದೇ ವೃತ್ತಿಯವಳಾಗಿ ಹೇಳುತ್ತೇನೆ, ಏನೂ ಇಲ್ಲ.

ಕೊನೆಯ ತೀರ್ಪು ಕೊಟ್ಟದ್ದು ಅತ್ತೆ. ಎರಡು ಫ್ರಿಜ್ ಅಕ್ಕಪಕ್ಕ ನಿಂತಿದ್ದವು. ಅವರು ಮೊದಲನೆಯದರ ತರಕಾರಿ ಡಬ್ಬ ಎಳೆದು, ಏನೋ ತೆಗೆದ ಹಾಗೆ ಮಾಡಿ, ಮುಚ್ಚಿದರು. ಎರಡನೆಯದಕ್ಕೂ ಹಾಗೇ ಮಾಡಿದರು. ಮತ್ತೆ ಮೊದಲನೆಯದು. ಹೀಗೆ ನಾಲ್ಕೈದು ಸಲ. ಹುಡುಗ ಲೀಟರ್ ಹೇಳುತ್ತಿದ್ದಾನೆ, ಬ್ಯಾಂಕ್ ಕಾರ್ಡಿನ ರಿಯಾಯಿತಿ ಹೇಳುತ್ತಿದ್ದಾನೆ, ಇವರ ಕಿವಿಗೆ ಬೀಳುತ್ತಿಲ್ಲ. "ಇದರಲ್ಲಿ ಹಿಡಿ ಕೈಗೆ ಸಿಗುತ್ತೆ. ಅದರದ್ದು ಬೆರಳು ಸಂದಿಗೆ ಹಾಕಿ ಎಳೀಬೇಕು, ಕೈ ಒದ್ದೆ ಇದ್ರೆ ಜಾರುತ್ತೆ" ಅಂದರು. ನನ್ನ ಶೀಟಿನಲ್ಲಿ ಅದಕ್ಕೂ ಕಾಲಂ ಇರಲಿಲ್ಲ.

ಹೊಸದು ಬಂತು. ಸೇಫ್ಟಿ ಡೋರನ್ನು ಕೀಲಿನಿಂದ ಬಿಚ್ಚಬೇಕಾಯಿತು, ಉಳಿದದ್ದು ಸರಾಗ. ನಾವು ದಿನಾ ಲೋಕಲ್‌ನಲ್ಲಿ ದಾಟಿ ಹೋಗುವ ವಿಕ್ರೋಳಿಯ ಗೋದ್ರೆಜ್‌ನವರು ಭಾರತದಲ್ಲೇ ಫ್ರಿಜ್ ತಯಾರಿಸಲು ಶುರು ಮಾಡಿದ್ದು 1958ರಲ್ಲಂತೆ ಅಂತ ಅವತ್ತು ನಾನು ಹೇಳಿದಾಗ ಮಾವ, "ಸಾಗರಕ್ಕೆ ಬರಕ್ಕೆ ಅದಕ್ಕೆ ಇನ್ನೂ ಮೂವತ್ತು ವರ್ಷ ಬೇಕಾಯ್ತು" ಅಂದರು. ಶಿವಮೊಗ್ಗದ ನಮ್ಮ ಮನೆಗೆ ಬಂದದ್ದು 1996ರಲ್ಲಿ. ಹಾಲ್‌ನಲ್ಲೇ ಇಟ್ಟಿದ್ದೆವು, ಹಿಡಿಗೆ ಅಮ್ಮ ಕ್ರೋಶಾ ಹಾಕಿದ ಕವರ್, ತಲೆಯ ಮೇಲೆ ಪ್ಲಾಸ್ಟಿಕ್ ಹೂವು.

ಹಳೇ ಫ್ರಿಜ್ ಏನಾಯಿತು ಅಂತ ಕೇಳುತ್ತೀರಿ. ಎಕ್ಸ್‌ಚೇಂಜ್‌ನಲ್ಲಿ ಅದಕ್ಕೆ ಕೊಡುತ್ತಿದ್ದದ್ದು ತೀರಾ ಕಡಿಮೆ. ಭಂಗಾರ್‌ವಾಲನಿಗೆ ಕೊಡಲು ಮನಸ್ಸಾಗಲಿಲ್ಲ, ತಾಮ್ರಕ್ಕಾಗಿ ಪೈಪ್ ಕತ್ತರಿಸಿದರೆ ಗ್ಯಾಸ್ ಗಾಳಿಗೆ ಹೋಗುತ್ತದೆ. ನಮ್ಮ ಮನೆಗೆಲಸಕ್ಕೆ ಬರುವ ಮೌಶಿ ಕೇಳಿದರು. ಥರ್ಮೋಸ್ಟಾಟ್ ಸರಿಯಾಗಿತ್ತು, ಆದರೂ ಎರಡು ದಿನ ಮೀಟರ್ ಹಾಕಿ ಓಡಿಸಿ ನೋಡಿ, ಬಾಗಿಲಿನ ರಬ್ಬರ್ ಬದಲಿಸಿ ಕೊಟ್ಟೆವು. ಬಿಲ್ ಕಟ್ಟುವವರು ಅವರು. ದಿನಕ್ಕೆ 2.4 ಯೂನಿಟ್ ತಿನ್ನುವುದನ್ನು ದಾನ ಅಂತ ಕೊಡುವುದು ಹೇಗೆ?

ಹೊಸ ಫ್ರಿಜ್‌ಗೆ ನಾನು ಮಾಡಿದ ಮೊದಲ ಕೆಲಸ ಹೇಳಿ ಮುಗಿಸುತ್ತೇನೆ. ಬಾಗಿಲ ಮೇಲಿನ ಅಂಕಿಯನ್ನು ನಂಬಲಿಲ್ಲ. ಕೆಲವೇ ನೂರು ರೂಪಾಯಿಗೆ ಥರ್ಮಾಮೀಟರ್ ಸಿಗುತ್ತದೆ. ಒಂದು ಲೋಟ ನೀರಿನಲ್ಲಿ ಅದನ್ನು ಮುಳುಗಿಸಿ ನಡುವಿನ ಹಲಗೆಯಲ್ಲಿ ರಾತ್ರಿಯಿಡೀ ಇಟ್ಟೆ, ಬೆಳಿಗ್ಗೆ ನೋಡಿದರೆ 4. ಅಲ್ಲೇ, ಕಿಂಡಿಯಿಂದ ದೂರ, ಒಂದು ಮುಚ್ಚಳದ ಡಬ್ಬದಲ್ಲಿ ಇನ್ಸುಲಿನ್ ಇಟ್ಟೆವು. ಬಾಗಿಲಲ್ಲಿ ಇಡಬಾರದು, ತೆರೆದಾಗೆಲ್ಲ ಅಲ್ಲಿ ಶಾಖ ಏರುತ್ತದೆ. ಬಳಸುತ್ತಿರುವ ಪೆನ್ನನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ, ತಂಪಾದ ನೆರಳಿನಲ್ಲಿ ಇಡಬಹುದು. ಅದರ ಪೆಟ್ಟಿಗೆಯ ಮೇಲಿನ ಸೂಚನೆ ನೋಡಿ, ನಿಮ್ಮ ಡಾಕ್ಟರನ್ನು ಕೇಳಿ.

ಥರ್ಮಾಮೀಟರ್ ಒಂದು ವಾರದಲ್ಲಿ ತೆಗೆದಿಡೋಣ ಅಂದುಕೊಂಡಿದ್ದೆ. ಅತ್ತೆ ಬಿಡಲಿಲ್ಲ. ಈಗ ದಿನಾ ಬೆಳಿಗ್ಗೆ ಹಾಲಿಡುವಾಗ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಾರೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ತಿಥಿಯ ಪಕ್ಕ ಎರಡು ಅಂಕಿ ಬರೆಯುತ್ತಾರೆ, ಒಂದು ಮಾವನ ಶುಗರ್, ಇನ್ನೊಂದು ಫ್ರಿಜ್‌ನದು. ಇವತ್ತು ಬೆಳಿಗ್ಗೆ ನಾನು ಹೊರಡುವಾಗ ನೋಡಿದೆ. 132, 4.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಡಬರಿ ಕಾರಿನಲ್ಲೇ ಇದೆ, ಇವತ್ತು ಸಂಜೆ ಯಾರಾದರೂ ಅಂಗಡಿಗೆ ಹೋಗುವವರಿದ್ದರೆ ಕೊಡುತ್ತೇನೆ.